ಹಬ್ಬ ಯಾವತ್ತು ಅಂತ ಕೇಳುವ ಮೊದಲು: ಮನೆಗೊಂದು ಹಬ್ಬದ ಪುಸ್ತಕ ಬರೆದಿಟ್ಟುಕೊಳ್ಳುವ ಸಮಗ್ರ ಮಾರ್ಗದರ್ಶಿ

2023ರ ಜುಲೈ ಕೊನೆಯಲ್ಲಿ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಅರ್ಧ ತಯಾರಿ ಮುಗಿದಿತ್ತು. ಕಳಶದ ಚೊಂಬು ತಿಕ್ಕಿಟ್ಟಾಗಿತ್ತು, ಅಮ್ಮನವರಿಗೆ ಉಡಿಸುವ ಸೀರೆ ನೆರಿಗೆ ಹಿಡಿದು ಪಿನ್ ಹಾಕಿಟ್ಟಾಗಿತ್ತು. ಶ್ರಾವಣ ಶುರುವಾಯಿತು ಅಂತ ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು, ಅಷ್ಟೇ ಸಾಕಾಗಿತ್ತು ನನಗೆ. ಊರಿಂದ ಅತ್ತೆ ಫೋನ್ ಮಾಡಿದವರು, “ಇದು ಅಧಿಕ ಕಣಮ್ಮ, ನಿಜ ಶ್ರಾವಣ ಇನ್ನೂ ಬಂದೇ ಇಲ್ಲ” ಎಂದರು. ಆ ವರ್ಷ ಹಬ್ಬ ಬಂದದ್ದು ಆಗಸ್ಟ್ 25ಕ್ಕೆ.

ಅತ್ತೆಯ ಬಳಿ ಒಂದು ಹಳೇ ಲೆಕ್ಕದ ಪುಸ್ತಕವಿದೆ. ಅದರಲ್ಲಿ ಒಂದೇ ಒಂದು ಇಂಗ್ಲಿಷ್ ತಾರೀಖು ಇಲ್ಲ. “ಭಾದ್ರಪದ ಶುದ್ಧ ತದಿಗೆ, ಗೌರಿ, ಕಾಯಿ ಐದು, ಬಾಗಿನ ನಾಲ್ಕು ಜೊತೆ” ಎಂಬಂಥ ಸಾಲುಗಳು. ಒಮ್ಮೆ ಬರೆದದ್ದು ಮೂವತ್ತು ವರ್ಷದಿಂದ ನಡೆಯುತ್ತಿದೆ. ತಾರೀಖು ವರ್ಷ ವರ್ಷ ಓಡಾಡುತ್ತದೆ, ತಿಥಿ ಮತ್ತು ಋತು ಓಡಾಡುವುದಿಲ್ಲ. ಹಬ್ಬವನ್ನು ತಿಥಿಗೆ ಕಟ್ಟಿ ಬರೆದಿಟ್ಟರೆ ಆ ಪುಸ್ತಕ ಮುಂದಿನ ತಲೆಮಾರಿಗೂ ಸಲ್ಲುತ್ತದೆ. ಅಂಥದ್ದೊಂದನ್ನು ನಿಮ್ಮ ಮನೆಗೆ ಬರೆದುಕೊಳ್ಳುವುದು ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನಮ್ಮ ನಾಡಿನ ಹಿಂದೂ ಹಬ್ಬಗಳ ಜೊತೆ ಬೌದ್ಧ ಹಬ್ಬಗಳನ್ನೂ ಸೇರಿಸಿದ್ದೇನೆ, ಯಾಕೆಂದರೆ ಎರಡೂ ನೋಡುವುದು ಅದೇ ಚಂದ್ರನನ್ನು, ಕಾಯುವುದು ಅದೇ ಮಳೆಯನ್ನು.

ಹಂತ 1: ಪುಸ್ತಕ ಹೊಂದಿಸಿಕೊಳ್ಳಿ

ಗಟ್ಟಿ ರಟ್ಟಿನ ಪುಸ್ತಕ ತೆಗೆದುಕೊಳ್ಳಿ. ಚೈತ್ರದಿಂದ ಫಾಲ್ಗುಣದವರೆಗೆ ತಿಂಗಳಿಗೆ ನಾಲ್ಕು ಪುಟ ಬಿಡಿ. ಮೊದಲ ಎರಡು ಎದುರುಬದುರು ಪುಟಗಳಲ್ಲಿ ಎಡಗಡೆ ಶುಕ್ಲ ಪಕ್ಷದ ಪಾಡ್ಯದಿಂದ ಹುಣ್ಣಿಮೆ, ಬಲಗಡೆ ಬಹುಳ ಪಾಡ್ಯದಿಂದ ಅಮಾವಾಸ್ಯೆ. ಉಳಿದೆರಡು ಪುಟ ಅಡುಗೆ, ಸಾಮಾನು, ನೆನಪುಗಳಿಗೆ. ತಿಥಿ ಮತ್ತು ಹಬ್ಬದ ಹೆಸರನ್ನು ಪೆನ್ನಿನಲ್ಲಿ ಬರೆಯಿರಿ. ಆ ವರ್ಷದ ತಾರೀಖನ್ನು ಮಾತ್ರ ಪೆನ್ಸಿಲಿನಲ್ಲಿ, ಮುಂದಿನ ಯುಗಾದಿಗೆ ಅಳಿಸಿ ಹೊಸದು ಬರೆಯುವಂತೆ.

ಜೊತೆಗೊಂದು ಪಂಚಾಂಗ ಬೇಕು. ಮೊಬೈಲಿನಲ್ಲಿ ನೋಡುವುದಾದರೆ ನಿಮ್ಮ ಊರನ್ನು ಆರಿಸಿಕೊಂಡಿದ್ದೀರಾ ನೋಡಿ. ಸೂರ್ಯೋದಯದ ಹೊತ್ತು ಊರಿಂದ ಊರಿಗೆ ಬದಲಾಗುತ್ತದೆ, ಕೆಲವೊಮ್ಮೆ ಆ ಕೆಲವೇ ನಿಮಿಷಗಳಲ್ಲಿ ಹಬ್ಬ ಒಂದು ದಿನ ಆಚೀಚೆ ಆಗುತ್ತದೆ. ಮನೆಯಲ್ಲಿ ಯಾವುದಾದರೂ ಮಠದ ಪಂಚಾಂಗ ಅನುಸರಿಸುವ ಪದ್ಧತಿ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ನಾಲ್ಕು ಪಂಚಾಂಗ ಎದುರಿಟ್ಟುಕೊಂಡರೆ ಗೊಂದಲವೇ ಹೆಚ್ಚು.

ಹಂತ 2: ತಿಥಿ ಎಂದರೇನು, ಆಕಾಶದಲ್ಲಿ ಅದನ್ನು ನೋಡುವುದು ಹೇಗೆ

ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗ ಸೇರಿ ಪಂಚಾಂಗ. ಹಬ್ಬದ ಲೆಕ್ಕಕ್ಕೆ ಮುಖ್ಯವಾಗಿ ಬೇಕಾದದ್ದು ತಿಥಿ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ ಕಳೆಯಿತು. ಹೀಗೆ 30 ತಿಥಿಗಳಿಗೆ ಒಂದು ಸುತ್ತು, ಅಂದರೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಚಂದ್ರ ಒಂದೇ ವೇಗದಲ್ಲಿ ನಡೆಯುವುದಿಲ್ಲ, ಆದ್ದರಿಂದ ಒಂದು ತಿಥಿ 19 ಗಂಟೆಗೂ ಮುಗಿಯಬಹುದು, 26 ಗಂಟೆಯವರೆಗೂ ಎಳೆಯಬಹುದು. ಪಂಚಾಂಗದಲ್ಲಿ “ಪಂಚಮಿ ಮಧ್ಯಾಹ್ನ 2.10ರವರೆಗೆ” ಎಂದು ಬರೆದಿರುವುದು ಈ ಕಾರಣಕ್ಕೆ.

ಒಂದು ತಿಂಗಳು ದಿನವೂ ಸಂಜೆ ತಾರಸಿಗೆ ಹೋಗಿ ನೋಡಿ. ಬಿದಿಗೆ, ತದಿಗೆಯಂದು ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ತೆಳ್ಳಗಿನ ಗೆರೆ. ಸಪ್ತಮಿ, ಅಷ್ಟಮಿಗೆ ಮುಸ್ಸಂಜೆಯಲ್ಲಿ ಅರ್ಧಚಂದ್ರ ನೆತ್ತಿಯ ಹತ್ತಿರ. ಹುಣ್ಣಿಮೆಯಂದು ಸೂರ್ಯ ಮುಳುಗುವಾಗ ಚಂದ್ರ ಮೂಡಣದಲ್ಲಿ ಏಳುತ್ತಾನೆ. ಬಹುಳ ಅಷ್ಟಮಿಗೆ ನಡುರಾತ್ರಿ ಕಾಯಬೇಕು. ಕೃಷ್ಣ ಹುಟ್ಟಿದ ಹೊತ್ತಿಗೆ ಚಂದ್ರೋದಯ ಎಂದು ಹಿರಿಯರು ಹೇಳುವುದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಒಂದೇ ತಿಂಗಳು ಹೀಗೆ ನೋಡಿದರೆ ಪುಸ್ತಕದ ಮೂವತ್ತು ಸಾಲುಗಳು ಬರೀ ಹೆಸರುಗಳಾಗಿ ಉಳಿಯುವುದಿಲ್ಲ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.

ತಿಂಗಳ ಹೆಸರೂ ಆಕಾಶದಿಂದಲೇ ಬಂದದ್ದು. ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಆಸುಪಾಸಿನಲ್ಲಿದ್ದರೆ ಚೈತ್ರ, ವಿಶಾಖೆಯ ಬಳಿ ಇದ್ದರೆ ವೈಶಾಖ, ಕೃತ್ತಿಕೆಯ ಹತ್ತಿರವಿದ್ದರೆ ಕಾರ್ತಿಕ.

ಹಂತ 3: ಯಾವ ಹಬ್ಬಕ್ಕೆ ಯಾವ ಹೊತ್ತಿನ ತಿಥಿ

ಎಲ್ಲರೂ ಎಡವುವುದು ಇಲ್ಲೇ. ಸಾಮಾನ್ಯವಾಗಿ ಸೂರ್ಯೋದಯಕ್ಕೆ ಇರುವ ತಿಥಿಯೇ ಆ ದಿನದ ತಿಥಿ. ಆದರೆ ಕೆಲವು ಹಬ್ಬಗಳು ಬೇರೆ ಹೊತ್ತನ್ನು ಕೇಳುತ್ತವೆ. ಗಣೇಶ ಚತುರ್ಥಿ, ರಾಮನವಮಿಗೆ ತಿಥಿ ಮಧ್ಯಾಹ್ನಕ್ಕೆ ಇರಬೇಕು. ಶಿವರಾತ್ರಿ, ಕೃಷ್ಣಾಷ್ಟಮಿಗೆ ನಡುರಾತ್ರಿಯ ತಿಥಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಸೂರ್ಯ ಮುಳುಗಿದ ಮೇಲಿನ ಪ್ರದೋಷದಲ್ಲಿ ಅಮಾವಾಸ್ಯೆ ಬೇಕು. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ನಸುಕಿನ ಚತುರ್ದಶಿ.

2025ರ ದೀಪಾವಳಿಯನ್ನು ನೆನಪಿಸಿಕೊಳ್ಳಿ. ಅಮಾವಾಸ್ಯೆ ಅಕ್ಟೋಬರ್ 20ರ ಮಧ್ಯಾಹ್ನದ ಮೇಲೆ ಶುರುವಾಗಿ 21ರ ಸಂಜೆಯವರೆಗೆ ಇತ್ತು. ಹಾಗಾಗಿ 20ರ ಬೆಳಗಿನ ಜಾವ ಎಣ್ಣೆಸ್ನಾನ ಮಾಡಿ, ಅದೇ ಸಂಜೆ ಲಕ್ಷ್ಮೀಪೂಜೆ ಮಾಡಿದವರು ಕೆಲವರು, 21ಕ್ಕೆ ಮಾಡಿದವರು ಕೆಲವರು, ಬಲಿಪಾಡ್ಯಮಿ 22ಕ್ಕೆ. ಎರಡೂ ಮನೆಯವರಿಗೆ ಅವರವರ ಲೆಕ್ಕವಿತ್ತು. ನಿಮ್ಮ ಪುಸ್ತಕದಲ್ಲಿ ಪ್ರತಿ ಹಬ್ಬದ ಪಕ್ಕ “ಬೆಳಗು”, “ಮಧ್ಯಾಹ್ನ”, “ಮುಸ್ಸಂಜೆ”, “ನಡುರಾತ್ರಿ” ಎಂದು ಒಂದು ಪದ ಬರೆದುಬಿಡಿ. ಆಮೇಲೆ ಪಂಚಾಂಗ ನೋಡಿ ನೀವೇ ದಿನ ನಿರ್ಧರಿಸಬಹುದು.

ವರಮಹಾಲಕ್ಷ್ಮಿಗೆ ತಿಥಿಯ ಜೊತೆ ವಾರವೂ ಸೇರುತ್ತದೆ. ಶ್ರಾವಣದ ಎರಡನೇ ಶುಕ್ರವಾರ ಎನ್ನುವ ಮನೆಗಳಿವೆ, ಹುಣ್ಣಿಮೆಗೆ ಮುಂಚಿನ ಶುಕ್ರವಾರ ಎನ್ನುವವರೂ ಇದ್ದಾರೆ. ನಿಮ್ಮಲ್ಲಿ ಯಾವುದು ಎಂದು ಕೇಳಿ ಬರೆದುಕೊಳ್ಳಿ.

ಹಂತ 4: ಸೂರ್ಯನ ಹಬ್ಬಗಳನ್ನು ಬೇರೆ ಬಣ್ಣದಲ್ಲಿ ಬರೆಯಿರಿ

ಮಕರ ಸಂಕ್ರಾಂತಿ ಪ್ರತಿವರ್ಷ ಜನವರಿ 14 ಅಥವಾ 15ಕ್ಕೇ ಬರುತ್ತದಲ್ಲ, ಯಾಕೆ? ಅದು ಚಂದ್ರನ ಹಬ್ಬವಲ್ಲ, ಸೂರ್ಯ ಮಕರ ರಾಶಿಗೆ ಕಾಲಿಡುವ ದಿನ. ಅಕ್ಟೋಬರ್ 17ರ ಆಸುಪಾಸಿನಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣವೂ ಅಂಥದ್ದೇ. ಏಪ್ರಿಲ್ ನಡುವಿನಲ್ಲಿ ಕರಾವಳಿಯವರು ಬೆಳಗೆದ್ದು ಮೊದಲು ನೋಡಲು ಹಣ್ಣು ತರಕಾರಿಗಳ ಕಣಿ ಇಟ್ಟು ಆಚರಿಸುವ ಬಿಸುವೂ ಅಷ್ಟೇ. ತುಳುನಾಡಿನ ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ತಿಂಗಳುಗಳೆಲ್ಲ ಸೌರಮಾನದವು. ಉಡುಪಿಯಲ್ಲಿ ಕೃಷ್ಣ ಜನ್ಮಾಷ್ಟಮಿ ಸೂರ್ಯ ಸಿಂಹ ರಾಶಿಯಲ್ಲಿರುವ ಸಿಂಹ ಮಾಸಕ್ಕೆ ಹೊಂದಿಕೊಂಡು ಬರುವುದರಿಂದ ಕೆಲವು ವರ್ಷ ಉಳಿದ ಕಡೆಗಿಂತ ಒಂದು ತಿಂಗಳು ತಡ.

ಇವನ್ನು ಕೆಂಪು ಶಾಯಿಯಲ್ಲಿ, ಪುಸ್ತಕದ ಕೊನೆಗೆ ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ. ಚಾಂದ್ರಮಾನದ ಪುಟದಲ್ಲಿ ಸೇರಿಸಿದರೆ ಎರಡೇ ವರ್ಷಕ್ಕೆ ಲೆಕ್ಕ ಕೆಡುತ್ತದೆ.

ಉತ್ತರ ಭಾರತದ ಕ್ಯಾಲೆಂಡರ್ ನೋಡುವವರು ಇನ್ನೊಂದನ್ನು ಗಮನಿಸಬೇಕು. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅಲ್ಲಿ ಹುಣ್ಣಿಮೆಗೆ. ನಮ್ಮ ಮಾಘ ಬಹುಳ ಚತುರ್ದಶಿಯ ಶಿವರಾತ್ರಿ ಅವರಿಗೆ ಫಾಲ್ಗುಣದ್ದು. ರಾತ್ರಿ ಅದೇ, ಹೆಸರು ಮಾತ್ರ ಬೇರೆ.

ಹಂತ 5: ಅಧಿಕ ಮಾಸಕ್ಕೆ ಜಾಗ ಬಿಡಿ

ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ಸೂರ್ಯನ ವರ್ಷ 365. ವರ್ಷಕ್ಕೆ 11 ದಿನದ ಈ ಕೊರತೆಯನ್ನು ಹಾಗೇ ಬಿಟ್ಟರೆ ಯುಗಾದಿ ನಿಧಾನಕ್ಕೆ ಚಳಿಗಾಲಕ್ಕೆ ಜಾರಿ, ಮಾವು ಬೇವು ಚಿಗುರದ ಹೊತ್ತಿನಲ್ಲಿ ಹೊಸ ವರ್ಷ ಬಂದುಬಿಡುತ್ತದೆ. ಅದಕ್ಕೇ ಸುಮಾರು 32, 33 ತಿಂಗಳಿಗೊಮ್ಮೆ ಒಂದು ತಿಂಗಳು ಹೆಚ್ಚು ಸೇರುತ್ತದೆ. ಯಾವ ಚಾಂದ್ರಮಾಸದಲ್ಲಿ ಸೂರ್ಯ ರಾಶಿ ಬದಲಿಸುವುದೇ ಇಲ್ಲವೋ, ಸಂಕ್ರಮಣವೇ ಇಲ್ಲವೋ, ಅದು ಅಧಿಕ. ಹಬ್ಬಗಳೆಲ್ಲ ಅದರ ಮುಂದಿನ ನಿಜ ಮಾಸಕ್ಕೆ. ಅಧಿಕದಲ್ಲಿ ದಾನ, ಜಪ, ಅಳಿಯನಿಗೆ 33 ಅಪ್ಪ ಕೊಡುವಂಥ ರೂಢಿಗಳು ಮಾತ್ರ.

2026ರಲ್ಲಿ ಬರುವ ಪರಾಭವ ಸಂವತ್ಸರದಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಇದರ ಪರಿಣಾಮವನ್ನು ಗಣೇಶ ಚತುರ್ಥಿಯಲ್ಲಿ ನೋಡಿ: 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ 11 ದಿನ ಹಿಂದೆ ಸರಿದು ಆಗಸ್ಟ್ 27, 2026ರಲ್ಲಿ 18 ದಿನ ಮುಂದೆ ಹೋಗಿ ಸೆಪ್ಟೆಂಬರ್ 14. ಇದೇ ಸೂತ್ರ ಎಲ್ಲ ಚಾಂದ್ರಮಾನ ಹಬ್ಬಕ್ಕೂ ನಡೆಯುತ್ತದೆ. ಸಾಮಾನ್ಯ ವರ್ಷ 10, 11 ದಿನ ಹಿಂದೆ, ನಡುವೆ ಅಧಿಕ ಬಂದರೆ 18, 19 ದಿನ ಮುಂದೆ. 19 ವರ್ಷಕ್ಕೆ ಈ ಚಕ್ರ ಒಂದು ಸುತ್ತು ಮುಗಿಸುತ್ತದೆ. 2007ರಲ್ಲೂ ಅಧಿಕ ಜ್ಯೇಷ್ಠವೇ ಇತ್ತು, ಗಣಪತಿ ಬಂದದ್ದು ಸೆಪ್ಟೆಂಬರ್ 15ಕ್ಕೆ. ಅಂದರೆ ಮನೆಯಲ್ಲಿ 19 ವರ್ಷದ ಹಿಂದಿನ ಕ್ಯಾಲೆಂಡರ್ ಇದ್ದರೆ ಎಸೆಯಬೇಡಿ.

ಹಂತ 6: ಋತುವಿನ ಜೊತೆ ತಿಂಗಳುಗಳನ್ನು ತುಂಬಿಸಿ

ಈಗ ನಿಜವಾದ ಬರವಣಿಗೆ. ಪ್ರತಿ ಹಬ್ಬಕ್ಕೂ ಮೂರು ವಿಷಯ ಬರೆಯಿರಿ: ಆಗ ಹೊಲದಲ್ಲಿ, ತೋಟದಲ್ಲಿ ಏನಿರುತ್ತದೆ, ಮನೆಯಲ್ಲಿ ಏನು ಮಾಡುತ್ತೇವೆ, ಯಾವತ್ತಿಂದ ತಯಾರಿ ಶುರುವಾಗಬೇಕು. ನಾನು ಬರೆದುಕೊಂಡದ್ದರಲ್ಲಿ ಮುಖ್ಯವಾದವನ್ನು ಹೇಳುತ್ತೇನೆ. ನಿಮ್ಮ ಸೀಮೆಯದನ್ನು ನೀವು ಸೇರಿಸಿಕೊಳ್ಳಿ.

*ಚೈತ್ರ, ವೈಶಾಖ.* ಚೈತ್ರ ಶುದ್ಧ ಪಾಡ್ಯ ಯುಗಾದಿ. ಬೇವಿನ ಹೂವು ಬೇಕೆಂದರೆ ಫಾಲ್ಗುಣದ ಕೊನೆಯಲ್ಲೇ ಮರ ಗುರುತಿಸಿಡಿ. ನವಮಿಗೆ ಪಾನಕ, ಕೋಸಂಬರಿ. ಬಿಸಿಲು ಏರುವ ಹೊತ್ತಿಗೆ ಬೆಲ್ಲ, ಏಲಕ್ಕಿ, ಶುಂಠಿಯ ನೀರು ಹಂಚುವ ಹಬ್ಬ ಬರುವುದು ಎಷ್ಟು ಸರಿಯಾಗಿದೆ ನೋಡಿ.

ವೈಶಾಖದ ಹುಣ್ಣಿಮೆ ಬುದ್ಧ ಪೂರ್ಣಿಮೆ. ಬುದ್ಧನ ಹುಟ್ಟು, ಜ್ಞಾನೋದಯ, ಮಹಾಪರಿನಿರ್ವಾಣ ಮೂರನ್ನೂ ಒಂದೇ ಹುಣ್ಣಿಮೆಗೆ ನೆನೆಯುವ ದಿನ. ವಿಶ್ವಸಂಸ್ಥೆಯ ಮಹಾಸಭೆ 1999ರಲ್ಲಿ ಈ ದಿನಕ್ಕೆ ಅಂತರರಾಷ್ಟ್ರೀಯ ಮನ್ನಣೆ ಕೊಟ್ಟಿತು. ಮನೆಯಲ್ಲೇ ಆಚರಿಸುವುದಾದರೆ ಬಹಳ ಸರಳ: ಬಿಳಿ ಬಟ್ಟೆ, ಬುದ್ಧನ ಚಿತ್ರದ ಮುಂದೆ ಹೂವು, ದೀಪ, ಊದುಬತ್ತಿ, ಬುದ್ಧ, ಧಮ್ಮ, ಸಂಘಕ್ಕೆ ಶರಣೆನ್ನುವ ತ್ರಿಶರಣ ಮತ್ತು ಐದು ನಿಯಮಗಳ ಪಂಚಶೀಲ ಪಠಣ, ಜ್ಞಾನೋದಯಕ್ಕೆ ಮುಂಚೆ ಬುದ್ಧನಿಗೆ ಸುಜಾತೆ ಎಂಬಾಕೆ ಅರ್ಪಿಸಿದ ಪಾಯಸದ ನೆನಪಿಗೆ ಅಕ್ಕಿ ಪಾಯಸ. ಬೆಂಗಳೂರಿನ ಗಾಂಧಿನಗರದಲ್ಲಿ 1956ರಲ್ಲಿ ಆರಂಭವಾದ ಮಹಾಬೋಧಿ ಸೊಸೈಟಿ, ಕಲಬುರಗಿಯ ಬುದ್ಧ ವಿಹಾರದಂಥ ಕಡೆ ಹೋಗುವುದಾದರೆ ಚಪ್ಪಲಿ ಹೊರಗೆ ಬಿಡಿ, ಸ್ತೂಪವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಮಾಡಿ, ಕುಳಿತಾಗ ಬುದ್ಧನ ಕಡೆಗೆ ಕಾಲು ಚಾಚಬೇಡಿ. ಕಲಬುರಗಿ ಕಡೆ ಹೋದವರು ಭೀಮಾ ತೀರದ ಸನ್ನತಿಯ ಬಳಿಯ ಕನಗನಹಳ್ಳಿಗೂ ಹೋಗಿ ಬನ್ನಿ. ಅಶೋಕನ ಹೆಸರು ಬರೆದ ಶಿಲ್ಪ ಸಿಕ್ಕಿದ್ದು ಅಲ್ಲಿನ ಸ್ತೂಪದಲ್ಲಿ. ಈ ಹುಣ್ಣಿಮೆ ನಮ್ಮ ನೆಲಕ್ಕೆ ಹೊಸದಲ್ಲ ಎಂಬುದು ಅಲ್ಲಿ ನಿಂತಾಗ ಮನಸ್ಸಿಗೆ ಇಳಿಯುತ್ತದೆ.

*ಜ್ಯೇಷ್ಠ, ಆಷಾಢ.* ಮಳೆ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠದ ಹುಣ್ಣಿಮೆ ಕಾರ ಹುಣ್ಣಿಮೆ. ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಜೂಲು ಹೊದಿಸಿ, ಸಂಜೆ ಅವನ್ನು ಓಡಿಸಿ, ಅಡ್ಡ ಕಟ್ಟಿದ ತೋರಣವನ್ನು ಹರಿಸಿ ಕರಿ ಹರಿಯುತ್ತಾರೆ. ಅದರ ಹಿಂದೆಯೇ ಬರುವ ಅಮಾವಾಸ್ಯೆ ಮಣ್ಣೆತ್ತಿನದು. ಕಾರ ಹುಣ್ಣಿಮೆಗೆ ಜೀವಂತ ಎತ್ತು, ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಮಣ್ಣಿನದೇ ಎತ್ತು. ಬಿತ್ತನೆಯ ಹೊತ್ತಿನಲ್ಲಿ ದುಡಿಯುವ ಜೀವಕ್ಕೂ ದುಡಿಸಿಕೊಳ್ಳುವ ನೆಲಕ್ಕೂ ಒಂದೊಂದು ದಿನ.

ಆಷಾಢದ ಹುಣ್ಣಿಮೆಯ ಪುಟಕ್ಕೆ ಹೆಚ್ಚು ಜಾಗ ಬಿಡಿ. ಹಿಂದೂಗಳಿಗೆ ಅದು ಗುರುಪೂರ್ಣಿಮೆ, ವ್ಯಾಸಪೂಜೆ ಮಾಡಿ ಯತಿಗಳು ಚಾತುರ್ಮಾಸ್ಯಕ್ಕೆ ಕುಳಿತುಕೊಳ್ಳುವ ದಿನ. ಬೌದ್ಧರಿಗೆ ಅದು ಸಾರನಾಥದಲ್ಲಿ ಬುದ್ಧ ಐವರು ಜೊತೆಗಾರರಿಗೆ ಮೊದಲ ಉಪದೇಶ ಕೊಟ್ಟ ದಿನ, ಮರುದಿನದಿಂದ ಮೂರು ತಿಂಗಳ ವರ್ಷಾವಾಸ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕ ಹೇಳುವ ಕಾರಣ ಹೀಗಿದೆ: ಮಳೆಗಾಲದಲ್ಲೂ ಭಿಕ್ಷುಗಳು ತಿರುಗಾಡಿ ಹಸಿರು ಮೊಳಕೆಗಳನ್ನು, ಸಣ್ಣ ಜೀವಗಳನ್ನು ತುಳಿಯುತ್ತಿದ್ದಾರೆ ಎಂದು ಜನ ಆಕ್ಷೇಪಿಸಿದರು, ಬುದ್ಧ ಮಳೆಗಾಲ ಒಂದೆಡೆ ನಿಲ್ಲಲು ಹೇಳಿದ. ಮಠದ ಯತಿಯೂ ವಿಹಾರದ ಭಿಕ್ಷುವೂ ಒಂದೇ ಹುಣ್ಣಿಮೆಗೆ, ಒಂದೇ ಮಳೆಗೆ ಕಾಲು ನಿಲ್ಲಿಸುತ್ತಾರೆ. ಹಬ್ಬಗಳ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಇದಕ್ಕಿಂತ ಮನಸ್ಸು ತುಂಬುವ ಸಂಗತಿ ಇನ್ನೊಂದಿಲ್ಲ.

ಗೃಹಸ್ಥರಿಗೂ ಚಾತುರ್ಮಾಸ್ಯದ ವ್ರತವಿದೆ. ಮಾಧ್ವರ ಮನೆಗಳಲ್ಲಿ ಮೊದಲ ತಿಂಗಳು ತರಕಾರಿ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ಬಿಡುತ್ತಾರೆ. ಪಾಲಿಸುವವರಾದರೆ ಆಷಾಢ ಶುದ್ಧ ಏಕಾದಶಿಗೆ ಮೊದಲೇ ತಿಂಗಳವಾರು ಅಡುಗೆಪಟ್ಟಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮೊದಲ ವಾರದಲ್ಲೇ ಏನು ಮಾಡುವುದೆಂದು ತೋಚುವುದಿಲ್ಲ. ಬೌದ್ಧ ಉಪಾಸಕರು ಹುಣ್ಣಿಮೆ, ಅಮಾವಾಸ್ಯೆ, ಅಷ್ಟಮಿಗಳಲ್ಲಿ ಎಂಟು ಶೀಲ ಹಿಡಿದು ಮಧ್ಯಾಹ್ನದ ಮೇಲೆ ಊಟ ಬಿಡುವ ಉಪೋಸಥ ಆಚರಿಸುತ್ತಾರೆ. ಅದನ್ನೂ ಇದೇ ಪುಟಗಳಲ್ಲಿ ಗುರುತಿಸಬಹುದು.

ಕರಾವಳಿಯವರು ಆಟಿ ಅಮಾವಾಸ್ಯೆಯನ್ನು ಬಿಡುವಂತಿಲ್ಲ. ಬೆಳಕು ಹರಿಯುವ ಮುಂಚೆ ಪಾಲೆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಮರ ಗುರುತಿಸುವುದರಲ್ಲಿ ತಪ್ಪಾದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಖಚಿತವಾಗಿ ಬಲ್ಲ ಹಿರಿಯರ ಕೈಯಿಂದ ಮಾತ್ರ ತರಿಸಿ.

*ಶ್ರಾವಣ, ಭಾದ್ರಪದ.* ಇವು ಎಲ್ಲರಿಗೂ ಗೊತ್ತಿರುವ ತಿಂಗಳುಗಳು, ಬೇಗ ಹೇಳಿಬಿಡುತ್ತೇನೆ. ಶುದ್ಧ ಪಂಚಮಿ ನಾಗರಪಂಚಮಿ, ಉತ್ತರ ಕರ್ನಾಟಕದಲ್ಲಿ ಉಂಡಿ, ಜೋಕಾಲಿ. ಹುಣ್ಣಿಮೆಗೆ ಉಪಾಕರ್ಮ. ಭಾದ್ರಪದ ತದಿಗೆ ಗೌರಿ, ಚೌತಿ ಗಣಪತಿ, ಬಹುಳದ ಹದಿನೈದು ದಿನ ಪಿತೃಪಕ್ಷ. ಗಣಪತಿಯನ್ನು ಹಸಿಮಣ್ಣಿನದೇ ತನ್ನಿ, ಬಣ್ಣವಿಲ್ಲದ್ದಾದರೆ ಮನೆಯ ಬಕೆಟ್ಟಿನಲ್ಲೇ ಬಿಟ್ಟು ಆ ಮಣ್ಣನ್ನು ತುಳಸಿ ಕಟ್ಟೆಗೆ ಹಾಕಬಹುದು. ಬಾಗಿನದ ಮೊರ ಒಂದು ತಿಂಗಳು ಮೊದಲೇ ಹೇಳಿಟ್ಟರೆ ಬಿದಿರಿನದು ಸಿಗುತ್ತದೆ.

*ಆಶ್ವಯುಜ, ಕಾರ್ತಿಕ.* ಪಾಡ್ಯದಿಂದ ನವರಾತ್ರಿ, ದಶಮಿಗೆ ಬನ್ನಿ. “ಬನ್ನಿ ತಗೊಂಡು ಬಂಗಾರದಂಗ ಇರೋಣ” ಎನ್ನುವ ಮಾತು ಕೇಳಲು ಧಾರವಾಡ, ವಿಜಯಪುರದ ಕಡೆಯೇ ಇರಬೇಕು. ಇದೇ ವಿಜಯದಶಮಿಯಂದು, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದರು. ಆ ಮನೆಗಳಲ್ಲಿ ಇದು ಧಮ್ಮಚಕ್ರ ಪ್ರವರ್ತನ ದಿನ. ತಿಥಿಯ ಪ್ರಕಾರ ಆಚರಿಸುವವರೂ ಇದ್ದಾರೆ, ಅಕ್ಟೋಬರ್ 14ಕ್ಕೇ ಆಚರಿಸುವವರೂ ಇದ್ದಾರೆ, ಎರಡನ್ನೂ ಬರೆದುಕೊಳ್ಳಿ.

ಆಶ್ವಯುಜದ ಹುಣ್ಣಿಮೆಯ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳಬೇಕು. ಮಲೆನಾಡಿನಲ್ಲಿ ಅದು ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ, ಅಂದರೆ ಭೂಮಿ ಬಸುರಿ. ಬಸುರಿಗೆ ಮಡಿಲು ತುಂಬಿ ಬಯಕೆಯ ಊಟ ಬಡಿಸಬೇಕು. ದೀವರ ಮನೆಗಳ ಹೆಣ್ಣುಮಕ್ಕಳು ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಸಾರಿಸಿ, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿ ಎಂದರೆ ಅದೇ. ಹಬ್ಬದ ಹಿಂದಿನ ರಾತ್ರಿ ಯಾರೂ ಮಲಗುವುದಿಲ್ಲ. ಬೆರಕೆ ಸೊಪ್ಪು ಬೇಯುತ್ತದೆ, ಕಡುಬು ಹಬೆಯಾಡುತ್ತದೆ, ಬೆಳಕು ಮೂಡುವ ಮುಂಚೆ ಗಂಡಸರು ಸೂಡಿ ಹಿಡಿದು ಬುಟ್ಟಿ ಹೊತ್ತು ಗದ್ದೆಗೆ ಹೊರಡುತ್ತಾರೆ. ಭೂಮಿಗೆ ಎಡೆಯಾದ ಸೊಪ್ಪಿನ ಚರಗವನ್ನು ಗದ್ದೆಯ ತುಂಬ ಬೀರುತ್ತ “ಹಚ್ಚಂಬಲಿ, ಹಾಲಂಬಲಿ” ಎಂದು ಕೂಗುವ ದನಿ ಮಂಜಿನಲ್ಲಿ ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾಯುತ್ತದೆ. ಪೂಜೆಯಾದ ಮೇಲೆ ಕಾಗೆಗೊಂದು ಎಡೆ, ಆಮೇಲೆ ಗದ್ದೆಯ ಅಂಚಿನಲ್ಲೇ ಎಲ್ಲರ ಊಟ. ಗದ್ದೆ ಇಲ್ಲದವರು ಏನು ಮಾಡಬಹುದು ಎಂದು ನನ್ನನ್ನು ಕೇಳಿದವರಿದ್ದಾರೆ. ಕುಂಡದ ಮಣ್ಣಿಗೆ ಅರಿಶಿನ ಕುಂಕುಮ ಇಟ್ಟು, ಸೊಪ್ಪಿನ ಪಲ್ಯ, ಕಡುಬು ಎಡೆ ಮಾಡಿ. ಆದರೆ ಒಮ್ಮೆಯಾದರೂ ಸಾಗರ, ಸೊರಬದ ಕಡೆ ಯಾರದಾದರೂ ಗದ್ದೆಗೆ ಕರೆಸಿಕೊಂಡು ಹೋಗಿ ನೋಡಿ.

ಇದೇ ಹುಣ್ಣಿಮೆಗೆ ಉತ್ತರ ಕರ್ನಾಟಕದಲ್ಲಿ ಸೀಗಿ ಹುಣ್ಣಿಮೆ. ಇದೇ ಹುಣ್ಣಿಮೆಗೆ ವಿಹಾರಗಳಲ್ಲಿ ವರ್ಷಾವಾಸ ಮುಗಿದು ಪವಾರಣೆ. ಮೂರು ತಿಂಗಳು ಒಟ್ಟಿಗಿದ್ದ ಭಿಕ್ಷುಗಳು “ನನ್ನಲ್ಲಿ ತಪ್ಪು ಕಂಡಿದ್ದರೆ ಹೇಳಿ” ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ವಿಧಿ ಅದು. ಅಲ್ಲಿಂದ ಕಾರ್ತಿಕ ಹುಣ್ಣಿಮೆಯೊಳಗೆ ಭಿಕ್ಷುಗಳಿಗೆ ಬಟ್ಟೆ ಕೊಡುವ ಕಠಿಣ ಚೀವರ ದಾನ, ಒಂದು ವಿಹಾರದಲ್ಲಿ ವರ್ಷಕ್ಕೊಮ್ಮೆ ಮಾತ್ರ. ಬಟ್ಟೆ ದಾನ ಮಾಡುವ ಮನಸ್ಸಿದ್ದರೆ ದಿನವನ್ನು ಮೊದಲೇ ವಿಹಾರದಲ್ಲಿ ವಿಚಾರಿಸಿ.

ದೀಪಾವಳಿಗೆ ತ್ರಯೋದಶಿಯ ಸಂಜೆಯಿಂದಲೇ ಎಣಿಕೆ. ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ನೀರು ತುಂಬಬೇಕು. ಬಲಿಪಾಡ್ಯಮಿಗೆ ಗೋಪೂಜೆ. ಕಾರ್ತಿಕ ಶುದ್ಧ ದ್ವಾದಶಿಗೆ ತುಳಸಿಯ ಪಕ್ಕ ನೆಲ್ಲಿಕೊಂಬೆ ನೆಟ್ಟು ಉತ್ಥಾನ ದ್ವಾದಶಿ, ಚಾತುರ್ಮಾಸ್ಯದ ವ್ರತಕ್ಕೆ ಅಂದು ಕೊನೆ. ಬೆಂಗಳೂರಿನವರು ಕಾರ್ತಿಕದ ಕಡೇ ಸೋಮವಾರವನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಗುರುತಿಸಿಡಿ.

*ಮಾರ್ಗಶಿರ, ಪುಷ್ಯ.* ಮಾರ್ಗಶಿರ ಶುದ್ಧ ಷಷ್ಠಿ ಕುಕ್ಕೆಯ ಚಂಪಾಷಷ್ಠಿ. ಅಮಾವಾಸ್ಯೆ ಎಳ್ಳಮಾವಾಸ್ಯೆ, ಕಲ್ಯಾಣ ಕರ್ನಾಟಕದಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬಿಳಿಜೋಳದ ಬೆಳೆಗೆ ಚರಗ ಚೆಲ್ಲುವ ದಿನ. ಮಲೆನಾಡಿನಲ್ಲಿ ಭತ್ತಕ್ಕೆ ಬಯಕೆ ಬಡಿಸಿದ ಹಾಗೆ ಇಲ್ಲಿ ಜೋಳಕ್ಕೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಾಳುಗಳು, ಶೇಂಗಾ ಹೋಳಿಗೆ.

*ಮಾಘ, ಫಾಲ್ಗುಣ.* ಮಾಘ ಶುದ್ಧ ಸಪ್ತಮಿಗೆ ಏಳು ಎಕ್ಕದೆಲೆ ಇಟ್ಟುಕೊಂಡು ರಥಸಪ್ತಮಿಯ ಸ್ನಾನ. ಬಹುಳ ಚತುರ್ದಶಿ ಶಿವರಾತ್ರಿ. ಫಾಲ್ಗುಣದ ಹುಣ್ಣಿಮೆ ಕಾಮನ ಹುಣ್ಣಿಮೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಬೈಲಕುಪ್ಪೆ ಮತ್ತು ಮುಂಡಗೋಡದ ಟಿಬೆಟನ್ ನೆಲೆಗಳಲ್ಲಿ ಲೋಸರ್, ಅವರ ಹೊಸ ವರ್ಷ. 2025ರಲ್ಲಿ ಫೆಬ್ರವರಿ 28ಕ್ಕೆ ಬಂದಿತ್ತು, 2026ಕ್ಕೆ ಫೆಬ್ರವರಿ 18. ಹಳೇ ವರ್ಷದ ಕೊನೆಯ ತಿಂಗಳ 29ನೇ ರಾತ್ರಿ ಒಂಬತ್ತು ಬಗೆ ಸಾಮಗ್ರಿ ಹಾಕಿದ ಗುತುಕ್ ಎಂಬ ಸಾರು, ಹಬ್ಬಕ್ಕೆ ಖಪ್ಸೆ ಎಂಬ ಕರಿದ ತಿಂಡಿ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರದಲ್ಲಿ ಲೋಸರ್‌ಗೆ ಮುಂಚೆ ಮುಖವಾಡ ತೊಟ್ಟ ಛಾಮ್ ನೃತ್ಯ ನಡೆಯುತ್ತದೆ. ನೋಡಲು ಹೋಗುವವರು ನರ್ತನದ ಅಂಗಳಕ್ಕೆ ಕಾಲಿಡಬೇಡಿ, ಅವರಿಗದು ಪೂಜೆ. ಅವರ ತಿಂಗಳ ಲೆಕ್ಕವೂ ಅಧಿಕ ಮಾಸವೂ ನಮ್ಮದಕ್ಕಿಂತ ಬೇರೆ, ಆದ್ದರಿಂದ ಇದನ್ನು ಪೆನ್ಸಿಲಿನಲ್ಲೇ ಬರೆಯಿರಿ.

ಹಂತ 7: ಹಬ್ಬದಿಂದ ಹಿಂದಕ್ಕೆ ಎಣಿಸಿ

ಪ್ರತಿ ಹಬ್ಬದ ಕೆಳಗೆ ತಯಾರಿಯನ್ನು ಕೊನೆಯ ದಿನದಿಂದ ಹಿಂದಕ್ಕೆ ಬರೆಯಬೇಕು. ಸಂಕ್ರಾಂತಿಯ ಎಳ್ಳನ್ನೇ ನೋಡೋಣ.

ಹತ್ತು ದಿನ ಮೊದಲು ಒಣಕೊಬ್ಬರಿ ತನ್ನಿ. ಅಲ್ಲಾಡಿಸಿದರೆ ನೀರಿನ ಸದ್ದು ಬರಬಾರದು. ಮೇಲಿನ ಕಂದು ಸಿಪ್ಪೆಯನ್ನು ತುರಿಯುವ ಮಣೆಯಲ್ಲಿ ಹಗುರಕ್ಕೆ ಹೆರೆದು ಬಿಳಿ ಮಾಡಿ, ಬಿಲ್ಲೆ ಕತ್ತರಿಸಿ, ಬಿಲ್ಲೆಯನ್ನು ಮತ್ತೆ ಅಡಕತ್ತರಿಯಲ್ಲಿ ಕಡಲೆಗಾತ್ರಕ್ಕೆ ತನ್ನಿ. ಬೆಲ್ಲ ಗಟ್ಟಿ ಅಚ್ಚಿನದೇ ಬೇಕು, ಜಿನುಗುವ ಬೆಲ್ಲ ಹಾಕಿದರೆ ಮೂರನೇ ದಿನಕ್ಕೆ ಎಲ್ಲ ಅಂಟಿಕೊಳ್ಳುತ್ತದೆ. ಅದನ್ನೂ ಅಡಕತ್ತರಿಯಲ್ಲೇ ಕತ್ತರಿಸಿ. ಕೊಬ್ಬರಿ, ಬೆಲ್ಲ ಬೇರೆ ಬೇರೆ ತಟ್ಟೆಯಲ್ಲಿ ತೆಳು ಬಟ್ಟೆ ಮುಚ್ಚಿ ಎರಡು ಬಿಸಿಲು ಕಾಣಲಿ. ಕೈಗೆ ತೆಗೆದುಕೊಂಡು ಬಿಟ್ಟರೆ ತಟ್ಟೆಗೆ ಟಣ್ಣೆಂದು ಬೀಳಬೇಕು, ಆಗ ಒಣಗಿದೆ ಎಂದರ್ಥ. ಐದು ದಿನ ಮೊದಲು ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೂರಿ, ಎರಡು ಹೋಳು ಮಾಡಿ. ಬಿಳಿ ಎಳ್ಳನ್ನು ಚಟಪಟ ಎನ್ನುವ ಮುಂಚೆಯೇ ಇಳಿಸಿ, ಹೆಚ್ಚು ಹುರಿದರೆ ಕಹಿ. ಹುರಿಗಡಲೆಯನ್ನು ಜರಡಿ ಹಿಡಿದು ಪುಡಿ ತೆಗೆಯಿರಿ. ನಮ್ಮ ಮನೆಯ ಅಳತೆ ಕೊಬ್ಬರಿ, ಬೆಲ್ಲ, ಬೀಜ, ಹುರಿಗಡಲೆ ತಲಾ ಒಂದು ಪಾವು, ಎಳ್ಳು ಅರ್ಧ ಪಾವು. ಎಲ್ಲವೂ ಪೂರ್ತಿ ಆರಿದ ಮೇಲೆ ಎರಡು ದಿನ ಮುಂಚೆ ಬೆರೆಸಿ ಡಬ್ಬಿ ಮುಚ್ಚಿ. ಬಿಸಿಯಲ್ಲಿ ಬೆರೆಸಿದರೆ ಬೆಲ್ಲ ಕರಗುತ್ತದೆ. ಎಳ್ಳು ಬೀರಲು ಹೋಗುವ ಮನೆಗಳ ಪಟ್ಟಿಯನ್ನೂ ಇದೇ ಪುಟದಲ್ಲಿ ಬರೆಯಿರಿ. ಕಳೆದ ವರ್ಷ ಯಾರು ಬಂದಿದ್ದರು, ಯಾರ ಮನೆಯಲ್ಲಿ ಮಗು ಹುಟ್ಟಿದೆ ಎಂಬುದನ್ನೂ.

ಹಂತ 8: ಕೇಳಿ ಬರೆಯಿರಿ

ಪ್ರತಿ ತಿಂಗಳ ಮೂರನೇ, ನಾಲ್ಕನೇ ಪುಟಗಳು ಪಂಚಾಂಗದಿಂದ ತುಂಬುವುದಿಲ್ಲ. ಅಜ್ಜಿ, ಅತ್ತೆ, ದೊಡ್ಡಪ್ಪ, ಪಕ್ಕದ ಮನೆಯ ಹಿರಿಯರನ್ನು ಕೇಳಬೇಕು. “ನಿಮ್ಮಲ್ಲಿ ಹೇಗೆ ಮಾಡ್ತಿದ್ರಿ?” ಎಂದು ಒಟ್ಟಾಗಿ ಕೇಳಿದರೆ “ಎಲ್ಲರ ಹಾಗೇ” ಎಂದುಬಿಡುತ್ತಾರೆ. “ಭೀಮನ ಅಮಾವಾಸ್ಯೆಗೆ ಭಂಡಾರ ಒಡೆಯುತ್ತಿದ್ದವರು ಯಾರು, ಕಡುಬಿನೊಳಗೆ ಎಷ್ಟು ಕಾಸು ಇಡುತ್ತಿದ್ದರು?” ಎಂದು ಕೇಳಿ, ಮಾತು ತಾನಾಗಿ ಬರುತ್ತದೆ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ಪಕ್ಕದಲ್ಲಿ ಯಾರು ಹೇಳಿದ್ದೆಂದು ಹಾಕಿ. ಬಿಟ್ಟುಹೋದ ಪದ್ಧತಿಯನ್ನೂ ಬರೆಯಿರಿ, ಯಾಕೆ ಬಿಟ್ಟಿತು ಎಂಬುದನ್ನೂ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡಕ್ಕೂ ಜಾಗ ಕೊಡಿ.

ಪುಸ್ತಕದ ಕಟ್ಟಕಡೆಯ ಹಾಳೆಯಲ್ಲಿ ನಾನು ಪ್ರತಿವರ್ಷ ನಾಲ್ಕು ಸಾಲು ಬರೆಯುತ್ತೇನೆ: ಬೀದಿಯ ಬೇವು ಹೂಬಿಟ್ಟದ್ದು ಯಾವ ತಿಥಿಗೆ, ಮೊದಲ ಮಳೆ ಯಾವ ನಕ್ಷತ್ರದಲ್ಲಿ, ಗೌರಿಗೆ ಅಂಗಳದ ಡೇರೆ ಹೂವು ಸಿಕ್ಕಿತೇ, ಕಾರ್ತಿಕದಲ್ಲಿ ನೆಲ್ಲಿಕೊಂಬೆ ಎಲ್ಲಿಂದ ತಂದೆವು. ಈ ವರ್ಷದ ಮೊದಲ ಸಾಲು ಬರೆದಾಗಿದೆ. ಹೂವು ಯುಗಾದಿಗೆ ಹನ್ನೊಂದು ದಿನ ಮೊದಲೇ ಬಂದಿತ್ತು.